ನೆಗಡಿ-ಜ್ವರದ ವೈರಸ್ ಒಳಹೊಕ್ಕಾಗ ಮೈ ಏನು ಮಾಡುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನಲ್ಲಿ ಮಳೆ ಹಿಡಿದ ಮೇಲೆ ಒಂದು ಸುತ್ತು, ಚಳಿ ಬಿಡುವ ಹೊತ್ತಿಗೆ ಇನ್ನೊಂದು ಸುತ್ತು ನೆಗಡಿ, ಕೆಮ್ಮು, ಜ್ವರ ಬರುವುದು ಮಾಮೂಲು. ಆಗ ತೀರ್ಥಹಳ್ಳಿ, ಸಾಗರ, ಹೊಸನಗರ, ಶಿವಮೊಗ್ಗದ ಕಡೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಮೊದಲಿನವು ಸುಲಭ, ಕೊನೆಯವು ಸ್ವಲ್ಪ ಗಟ್ಟಿ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು.

## ಬುಡದಿಂದ

ರೋಗನಿರೋಧಕ ಶಕ್ತಿ ಅಂದ್ರೆ ಒಂದೇ ಅಲ್ವಾ? ಜನ್ಮಜಾತ ಅಂತ ಬೇರೆ ಎಂತಕ್ಕೆ?

ಎರಡು ಬಗೆ ಇವೆ. ಒಂದು ಹುಟ್ಟಿನಿಂದಲೇ ಬಂದದ್ದು. ಇದಕ್ಕೆ ವೈರಸ್ಸಿನ ಹಳೆಯ ಪರಿಚಯ ಬೇಕಿಲ್ಲ, ಯಾವುದೇ ವೈರಸ್ ಬರಲಿ, ಕೆಲವೇ ಗಂಟೆಗಳಲ್ಲಿ ಕೆಲಸಕ್ಕಿಳಿಯುತ್ತದೆ. ಇನ್ನೊಂದು ಕಲಿತು ಬರುವಂಥದ್ದು. ಟಿ ಕೋಶ, ಬಿ ಕೋಶ ಎಂಬ ಬಿಳಿ ರಕ್ತಕಣಗಳು, ಬಿ ಕೋಶಗಳು ತಯಾರಿಸುವ ಪ್ರತಿಕಾಯಗಳು (ಆಂಟಿಬಾಡಿ) ಈ ಗುಂಪಿಗೆ ಸೇರಿದವು. ಹೊಸ ವೈರಸ್ ಆದರೆ ಇವು ತಕ್ಕ ಸಂಖ್ಯೆಯಲ್ಲಿ ತಯಾರಾಗಲು ಐದರಿಂದ ಹತ್ತು ದಿನ ಬೇಕು. ಅಷ್ಟು ದಿನ ಮೈ ಕಾಯುವುದು ಮೊದಲನೆಯದು.

ಎರಡನೆಯದನ್ನು ಎಬ್ಬಿಸುವುದೂ ಮೊದಲನೆಯದೇ. ಡೆಂಡ್ರೈಟಿಕ್ ಕೋಶ ಎಂಬವು ವೈರಸ್ಸಿನ ಚೂರುಗಳನ್ನು ಹೊತ್ತು ಕುತ್ತಿಗೆ ಮತ್ತು ಎದೆಯ ದುಗ್ಧಗ್ರಂಥಿಗಳಿಗೆ ಹೋಗಿ ಟಿ ಕೋಶಗಳಿಗೆ ತೋರಿಸುತ್ತವೆ. ಗಂಟಲು ಕೆಟ್ಟಾಗ ದವಡೆಯ ಕೆಳಗೆ ಕೈಗೆ ಸಿಗುವ ಗಡ್ಡೆ ಇದೇ ಗ್ರಂಥಿ. 2011ರ ವೈದ್ಯಕೀಯ ನೊಬೆಲ್ ಈ ವಿಷಯಕ್ಕೇ ಸಂದಿತು. ಜನ್ಮಜಾತ ವ್ಯವಸ್ಥೆ ಎಚ್ಚರಗೊಳ್ಳುವ ಬಗೆಯನ್ನು ತೋರಿಸಿದ ಬ್ರೂಸ್ ಬ್ಯೂಟ್ಲರ್ ಮತ್ತು ಜೂಲ್ಸ್ ಹಾಫ್‌ಮನ್ ಅವರಿಗೆ ಅರ್ಧ, ಡೆಂಡ್ರೈಟಿಕ್ ಕೋಶ ಕಂಡುಹಿಡಿದ ರಾಲ್ಫ್ ಸ್ಟೈನ್‌ಮನ್ ಅವರಿಗೆ ಇನ್ನರ್ಧ.

ವೈರಸ್ ಮೂಗಿಗೆ ಹೋದ ಕೂಡ್ಲೇ ಕಾಯಿಲೆ ಶುರುವಾಗ್ತದಾ?

ಇಲ್ಲ. ಒಳಗೆ ಹೋದ ಕಣಗಳಲ್ಲಿ ಬಹುಪಾಲು ಲೋಳೆಗೆ ಅಂಟಿಕೊಂಡು ಅಲ್ಲಿಗೇ ಮುಗಿಯುತ್ತವೆ. ಮೂಗು ಮತ್ತು ಶ್ವಾಸನಾಳದ ಒಳಮೈಯಲ್ಲಿ ಸೀಲಿಯಾ ಎಂಬ ಸೂಕ್ಷ್ಮ ರೋಮಗಳಿವೆ. ಸೆಕೆಂಡಿಗೆ ಹತ್ತು ಸಲಕ್ಕಿಂತ ಹೆಚ್ಚು ಬೀಸುತ್ತಾ ಅವು ಮೇಲಿನ ಲೋಳೆಯನ್ನು ನಿಮಿಷಕ್ಕೆ ಕೆಲವು ಮಿಲಿಮೀಟರಿನಂತೆ ಗಂಟಲ ಕಡೆಗೆ ತಳ್ಳುತ್ತವೆ. ಮೂಗಿನಲ್ಲಿ ಸಿಕ್ಕಿಬಿದ್ದ ಕಣ ಸುಮಾರು 10-20 ನಿಮಿಷದಲ್ಲಿ ಗಂಟಲು ಸೇರುತ್ತದೆ. ಗೊತ್ತಾಗದಂತೆ ಅದನ್ನು ನುಂಗುತ್ತೇವೆ, ಉಳಿದದ್ದನ್ನು ಹೊಟ್ಟೆಯ ಆಮ್ಲ ನೋಡಿಕೊಳ್ಳುತ್ತದೆ.

ಈ ಲೋಳೆ ದಾಟಿದ ವೈರಸ್ಸಿಗೆ ಕೋಶದ ಮೇಲೆ ತನಗೆ ಒಗ್ಗುವ ಹಿಡಿ ಸಿಗಬೇಕು. ಫ್ಲೂ ವೈರಸ್ ಸಯಾಲಿಕ್ ಆಮ್ಲವನ್ನು ಹಿಡಿಯುತ್ತದೆ, ಕೊರೊನಾ ಎಸಿಇ-2 ಪ್ರೋಟೀನನ್ನು ಹಿಡಿಯುತ್ತದೆ. ಫ್ಲೂ ಹೊಕ್ಕ ಕೋಶದಿಂದ ಆರೆಂಟು ಗಂಟೆಯಲ್ಲಿ ಹೊಸ ವೈರಸ್ ಹೊರಬರತೊಡಗುತ್ತದೆ. ಲಕ್ಷಣ ಕಾಣುವುದು ಸರಾಸರಿ ಎರಡನೆಯ ದಿನ, ಒಟ್ಟು ಒಂದರಿಂದ ನಾಲ್ಕು ದಿನದೊಳಗೆ. ಹಾಗಾಗಿ "ಇವತ್ತು ಬೆಳಿಗ್ಗೆ ತಣ್ಣೀರು ಕುಡಿದೆ, ಮಧ್ಯಾಹ್ನ ಜ್ವರ ಬಂತು" ಎಂಬ ಲೆಕ್ಕ ಕೂಡುವುದಿಲ್ಲ.

ಅಷ್ಟು ಸಣ್ಣ ವೈರಸ್ ಒಳಗೆ ಬಂದಿದೆ ಅಂತ ಕೋಶಕ್ಕೆ ಗೊತ್ತಾಗೋದು ಹೇಗೆ?

ವೈರಸ್ಸಿನ ಆರ್‌ಎನ್‌ಎ (ಅದರ ವಂಶವಾಹಿ ಎಳೆ) ನಮ್ಮದಕ್ಕಿಂತ ಕೆಲವು ಕಡೆ ಬೇರೆ. ನಮ್ಮ ಕೋಶ ತನ್ನ ಸಂದೇಶವಾಹಕ ಆರ್‌ಎನ್‌ಎಯ ತುದಿಗೆ ಒಂದು ಟೊಪ್ಪಿ ತೊಡಿಸುತ್ತದೆ. ಫ್ಲೂ ವೈರಸ್ಸಿನ ಆರ್‌ಎನ್‌ಎ ತುದಿಯಲ್ಲಿ ಮೂರು ಫಾಸ್ಫೇಟ್ ಹಾಗೇ ಬಿಟ್ಟಿರುತ್ತವೆ. ರಿಗ್-ಐ ಎಂಬ ಪ್ರೋಟೀನ್ ಆ ಬೋಳು ತುದಿಯನ್ನೇ ಹುಡುಕುತ್ತದೆ. ಉದ್ದನೆಯ ಜೋಡಿ ಎಳೆಯ ಆರ್‌ಎನ್‌ಎ ಆರೋಗ್ಯವಂತ ಕೋಶದ ರಸದಲ್ಲಿ ಇರಬಾರದು. ಕೊರೊನಾದಂಥ ವೈರಸ್ ನಕಲಾಗುವಾಗ ಅದು ಉಂಟಾಗುತ್ತದೆ, ಎಂಡಿಎ-5 ಎಂಬ ಇನ್ನೊಂದು ಪ್ರೋಟೀನ್ ಅದನ್ನು ಹಿಡಿಯುತ್ತದೆ. ಇನ್ನು, ರೋಗಾಣು ಗುರುತಿಸುವ ಟೋಲ್-ಲೈಕ್ ರಿಸೆಪ್ಟರ್‌ಗಳಲ್ಲಿ 3 ಮತ್ತು 7ನೆಯವು ಕೋಶ ಹೊರಗಿನಿಂದ ನುಂಗಿದ ಚೀಲಗಳೊಳಗೆ ಕೂತು, ಅಲ್ಲಿಗೆ ಬಂದ ಆರ್‌ಎನ್‌ಎಯನ್ನು ಪರೀಕ್ಷಿಸುತ್ತವೆ.

ರಿಗ್-ಐ, ಎಂಡಿಎ-5 ಎರಡೂ ಸುದ್ದಿ ಮುಟ್ಟಿಸುವುದು ಮೈಟೊಕಾಂಡ್ರಿಯಾದ ಹೊರಮೈಯಲ್ಲಿರುವ ಮಾವ್ಸ್ ಎಂಬ ಪ್ರೋಟೀನಿಗೆ. ಅಲ್ಲಿಂದ ಐಆರ್‌ಎಫ್-3 ಮತ್ತು ಎನ್‌ಎಫ್-ಕಪ್ಪಾ-ಬಿ ಎಂಬ ಎರಡು ಪ್ರೋಟೀನುಗಳು ಕೋಶಕೇಂದ್ರದೊಳಗೆ ಹೋಗುತ್ತವೆ. ಮೊದಲನೆಯದು ಮುಖ್ಯವಾಗಿ ಇಂಟರ್‌ಫೆರಾನ್ ತಯಾರಿಸಲು ಬೇಕು. ಎರಡನೆಯದು ಉರಿಯೂತದ (ಊತ, ಬಿಸಿ, ನೋವು ತರುವ) ರಾಸಾಯನಿಕಗಳನ್ನು ಹೊರಡಿಸುತ್ತದೆ. ಈ ಎರಡು ಕವಲುಗಳು ನೆನಪಿರಲಿ. ಮುಂದೆ ಬರುವ ಔಷಧಿಯ ಗೊಂದಲಗಳೆಲ್ಲ ಇವುಗಳಲ್ಲಿ ಯಾವುದು ಯಾವಾಗ ಜೋರಾಗುತ್ತದೆ ಎಂಬುದಕ್ಕೆ ಸಂಬಂಧಿಸಿದ್ದು.

ಇಂಟರ್‌ಫೆರಾನ್ ಅಂದ್ರೆ ಎಂತದು? ಅದೇ ವೈರಸ್ ಕೊಲ್ತದಾ?

ಅದು ವೈರಸ್ಸನ್ನು ಮುಟ್ಟುವುದೂ ಇಲ್ಲ. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಬಿಸಿ ಮಾಡಿ ಕೆಡಿಸಿದ ಫ್ಲೂ ವೈರಸ್ಸನ್ನು ಕೋಳಿಮೊಟ್ಟೆಯ ಪೊರೆಯ ಜೊತೆ ಇಟ್ಟರು. ಆ ದ್ರವವನ್ನು ತೆಗೆದು ಬೇರೆ ಹೊಸ ಪೊರೆಗೆ ಹಾಕಿದರೆ, ಅದರ ಮೇಲೆ ಜೀವಂತ ವೈರಸ್ ಬೆಳೆಯಲಿಲ್ಲ. ಆ ದ್ರವದಲ್ಲಿದ್ದದ್ದು ಇಂಟರ್‌ಫೆರಾನ್.

ಪಕ್ಕದ ತೋಟಕ್ಕೆ ಕೊಳೆರೋಗ ಬಂತೆಂದು ಕೇಳಿದ ಕೂಡಲೇ ನಮ್ಮ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಸುತ್ತೇವಲ್ಲ, ಸುಮಾರಾಗಿ ಅದೇ ಕೆಲಸ ಇದು. ಸೋಂಕು ತಗುಲಿದ ಕೋಶ ಇಂಟರ್‌ಫೆರಾನ್ ಹೊರಬಿಡುತ್ತದೆ, ಅಕ್ಕಪಕ್ಕದ ಕೋಶಗಳು ಅದನ್ನು ಗ್ರಹಿಸಿ ನೂರಾರು ಜೀನುಗಳನ್ನು ಚಾಲೂ ಮಾಡುತ್ತವೆ. ಐಎಫ್‌ಐಟಿಎಂ-3 ಎಂಬುದು ವೈರಸ್ ಚೀಲದಿಂದ ಕೋಶರಸಕ್ಕೆ ಜಾರದಂತೆ ತಡೆಯುತ್ತದೆ. ಪಿಕೆಆರ್ ಎಂಬುದು ಕೋಶದ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಆರ್‌ಎನೇಸ್-ಎಲ್ ಆರ್‌ಎನ್‌ಎಯನ್ನು ಕತ್ತರಿಸಿ ಹಾಕುತ್ತದೆ, ವೈರಸ್ಸಿನದು ನಮ್ಮದು ಎಂಬ ಭೇದವಿಲ್ಲದೆ. ಇದಕ್ಕೆ ಕೋಶವೂ ಬೆಲೆ ತೆರುತ್ತದೆ, ಆದ್ದರಿಂದಲೇ ಇಂಟರ್‌ಫೆರಾನ್ ಸದಾಕಾಲ ಹರಿಯುವುದಿಲ್ಲ. ಕೊಳೆ ಹತ್ತಿ ಕಾಯಿ ಉದುರಿದ ಮೇಲೆ ಹೊಡೆದ ಔಷಧಿಯಷ್ಟೇ ತಡವಾಗಿ ಬಂದ ಇಂಟರ್‌ಫೆರಾನಿನ ಉಪಯೋಗ.

## ಮೈಗೆ ಕಾಣುವ ಲಕ್ಷಣಗಳು

ಮೈಕೈ ನೋವು, ಸುಸ್ತು, ಊಟ ಸೇರದು. ಇದೆಲ್ಲ ವೈರಸ್ ಮಾಡೋದಾ?

ಬಹುಮಟ್ಟಿಗೆ ನಮ್ಮ ಮೈಯೇ ಮಾಡುವುದು. ಸಾಮಾನ್ಯ ಫ್ಲೂ ವೈರಸ್ ಶ್ವಾಸನಾಳ ಬಿಟ್ಟು ಕಾಲಿನ ಮಾಂಸಖಂಡಕ್ಕೆ ಹೋಗುವುದು ತೀರಾ ಅಪರೂಪ, ಆದರೂ ಕಾಲು ಸೆಳೆಯುತ್ತದೆ. ಇಂಟರ್‌ಫೆರಾನ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಎಂಬ ಸಂದೇಶ ಒಯ್ಯುವ ರಾಸಾಯನಿಕಗಳು ರಕ್ತಕ್ಕೆ ಸೇರಿ ಮಿದುಳಿನ ಮೇಲೆ ಮಾಡುವ ಪರಿಣಾಮವೇ ಸುಸ್ತು, ನಿದ್ದೆ, ಅರುಚಿ. ಬೇರೆ ಕಾಯಿಲೆಗೆ ಇಂಟರ್‌ಫೆರಾನ್ ಚುಚ್ಚುಮದ್ದು ತೆಗೆದುಕೊಂಡವರಿಗೂ, ಯಾವ ವೈರಸ್ ಸೋಂಕೂ ಇಲ್ಲದೆ, ಥೇಟ್ ಫ್ಲೂ ಥರದ್ದೇ ಮೈನೋವು, ಚಳಿ ಬರುತ್ತದೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಜ್ವರ ಬಂದ್ರೆ ಇಳಿಸ್ಬೇಕಾ, ಹಾಗೇ ಬಿಡ್ಬೇಕಾ?

ಮೇಲೆ ಹೇಳಿದ ರಾಸಾಯನಿಕಗಳು ಮಿದುಳಿನ ಹೈಪೊಥಲಾಮಸ್‌ನಲ್ಲಿ ಪ್ರೋಸ್ಟಾಗ್ಲಾಂಡಿನ್ ಇ-2 ಹೆಚ್ಚಿಸುತ್ತವೆ, ಅದು ಮೈಯ ತಾಪದ ಗುರಿಯನ್ನೇ ಮೇಲಕ್ಕೆ ಒಯ್ಯುತ್ತದೆ. ಮೈ 98ರಲ್ಲಿದ್ದು ಗುರಿ 102 ಆದಾಗ ಚಳಿ ಹಿಡಿದು ನಡುಕ ಬರುತ್ತದೆ. ಗುರಿ ಕೆಳಗಿಳಿದಾಗ ಬೆವರು ಬಿಡುತ್ತದೆ. ಪ್ಯಾರಾಸಿಟಮಾಲ್ ಮಾಡುವುದು ಆ ಪ್ರೋಸ್ಟಾಗ್ಲಾಂಡಿನ್ ತಯಾರಿಕೆಯನ್ನು ಕಡಿಮೆ ಮಾಡುವ ಕೆಲಸ. ವೈರಸ್ಸಿಗೂ ಅದಕ್ಕೂ ಸಂಬಂಧವಿಲ್ಲ.

ಜ್ವರ ರಕ್ಷಣೆಯ ಒಂದು ಭಾಗ ಎಂಬುದು ನಿಜ. ಆದರೆ ಮಾತ್ರೆ ನುಂಗಿದರೆ ಕಾಯಿಲೆ ಎದ್ದು ಕಾಣುವಷ್ಟು ಲಂಬಿಸುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ನಮ್ಮ ಸಲಹೆ: ಥರ್ಮಾಮೀಟರ್ ಅಂಕಿಗಿಂತ ಮನುಷ್ಯನನ್ನು ನೋಡಿ. 101 ಇದ್ದೂ ಗಂಜಿ ಕುಡಿದು ಆರಾಮಾಗಿದ್ದರೆ ಮಾತ್ರೆ ಬೇಕಿಲ್ಲ. ನೋವು, ನಿದ್ದೆಯಿಲ್ಲ, ನೀರೂ ಸೇರುತ್ತಿಲ್ಲ ಎಂದಾದರೆ ಕೊಡಿ. ದೊಡ್ಡವರಿಗೆ ಒಂದು ಸಲಕ್ಕೆ 500 ಅಥವಾ 650 ಮಿಲಿಗ್ರಾಂ, ಆರು ಗಂಟೆ ಅಂತರ, ವೈದ್ಯರು ಹೇಳದೆ ದಿನಕ್ಕೆ 3 ಗ್ರಾಂ ಮೀರಬೇಡಿ. ಮಕ್ಕಳಿಗೆ ತೂಕದ ಲೆಕ್ಕ, ಕಿಲೋಗೆ 15 ಮಿಲಿಗ್ರಾಂ. ಎಡವುವುದು ಇಲ್ಲೇ: ಸಿರಪ್ಪಿನಲ್ಲಿ 5 ಮಿಲಿಗೆ 125 ಮತ್ತು 250 ಮಿಲಿಗ್ರಾಂ ಎರಡೂ ಬರುತ್ತವೆ. ಅಣ್ಣನ ಬಾಟಲಿಯಿಂದ ತಂಗಿಗೆ ಕೊಡುವ ಮುಂಚೆ ಲೇಬಲ್ ಓದಿ. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ, ಫ್ಲೂ ಜೊತೆ ಸೇರಿದರೆ ರೈ ಸಿಂಡ್ರೋಮ್ ಎಂಬ ಯಕೃತ್ತು-ಮಿದುಳಿನ ಅಪಾಯ ಉಂಟು.

ಸಿಂಬಳ ಹಸಿರಾಗಿದೆ. ಆಂಟಿಬಯೋಟಿಕ್ ಬೇಕಲ್ವಾ?

ಆ ಬಣ್ಣ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣದ್ದು. ಅದರೊಳಗಿನ ಮೈಲೊಪೆರಾಕ್ಸಿಡೇಸ್ ಎಂಬ ಕಿಣ್ವವೇ ಹಸಿರು. ಆ ಕಣಗಳು ಬಂದು ಸತ್ತಷ್ಟೂ ಸಿಂಬಳ ದಪ್ಪವಾಗುತ್ತದೆ, ಬಣ್ಣ ಏರುತ್ತದೆ. ವೈರಸ್ ಸೋಂಕಿನಲ್ಲೂ ಇದು ಆಗುವಂಥದ್ದೇ. ಬ್ಯಾಕ್ಟೀರಿಯಾ ಸೇರಿಕೊಂಡಿರಬಹುದು ಎಂದು ಅನುಮಾನಿಸಬೇಕಾದ್ದು ಹತ್ತು ದಿನವಾದರೂ ಇಳಿಯದಿದ್ದರೆ, ಇಲ್ಲವೇ ಗುಣವಾಗುತ್ತಾ ಬಂದು ಮತ್ತೆ ಜ್ವರ, ಮುಖದ ನೋವು ಏರಿದರೆ. ಅಂಗಡಿಯಿಂದ ಮೂರು ಮಾತ್ರೆಯ ಅಜಿತ್ರೊಮೈಸಿನ್ ತಂದು ನುಂಗಿದವರಿಗೆ ನಾಲ್ಕನೇ ದಿನ ಆರಾಮಾಗುವುದು ಮಾತ್ರೆಯಿಂದಲ್ಲ, ಅದು ಹೇಗೂ ಇಳಿಯುವ ದಿನ.

ಜ್ವರ ಹೋಗಿ ಎಷ್ಟೋ ದಿನ ಆಯ್ತು, ಕೆಮ್ಮು ಬಿಡ್ತಾನೇ ಇಲ್ಲ. ವೈರಸ್ ಒಳಗೇ ಉಳಿದಿದೆಯಾ?

ಸಾಮಾನ್ಯವಾಗಿ ಇಲ್ಲ. ಸೀಲಿಯಾ ಇರುವ ಪದರ ಕಿತ್ತುಹೋಗಿ ಮತ್ತೆ ಬೆಳೆಯಬೇಕು. ಅಲ್ಲಿಯವರೆಗೆ ಲೋಳೆ ತಳ್ಳುವವರಿಲ್ಲ, ಕೆಮ್ಮೇ ಆ ಕೆಲಸ ಮಾಡುತ್ತದೆ. ಕೆಳಗಿನ ನರತುದಿಗಳೂ ಸಣ್ಣದಕ್ಕೆಲ್ಲ ಕೆರಳುವಂತಾಗಿರುತ್ತವೆ. ಇಂಥ ಕೆಮ್ಮು ಸರಾಸರಿ ಎರಡೂವರೆ ವಾರ ಇರುತ್ತದೆ. ಆದರೂ ಎರಡು ವಾರ ದಾಟಿದ ಕೆಮ್ಮಿಗೆ ನಮ್ಮ ದೇಶದಲ್ಲಿ ಕ್ಷಯದ ಕಫಪರೀಕ್ಷೆ ಮಾಡಿಸುವುದು ನಿಯಮ, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಸಂಕೋಚ ಬೇಡ.

ಮಳೇಲಿ ನೆನೆದ್ರೆ ನೆಗಡಿ ಆಗ್ತದೆ ಅಂತ ಅಜ್ಜಿ ಹೇಳ್ತಾರೆ. ವಿಜ್ಞಾನ ಎಂತ ಹೇಳ್ತದೆ?

ವೈರಸ್ ಇಲ್ಲದೆ ಎಷ್ಟು ನೆನೆದರೂ ನೆಗಡಿ ಬರುವುದಿಲ್ಲ. ಆಗುಂಬೆಯ ಮಳೆಗೂ ಆ ಶಕ್ತಿಯಿಲ್ಲ. ಆದರೆ ಅಜ್ಜಿಯ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ನೆಗಡಿಯ ರೈನೊವೈರಸ್ 37 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೂಗಿನೊಳಗಿನ 33 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ. ಯೇಲ್ ವಿಶ್ವವಿದ್ಯಾಲಯದವರು 2015ರಲ್ಲಿ ಇಲಿಯ ಶ್ವಾಸನಾಳದ ಕೋಶಗಳಲ್ಲಿ ಇದರ ಒಂದು ಕಾರಣ ತೋರಿಸಿದರು: ತಂಪಿನಲ್ಲಿ ಇಂಟರ್‌ಫೆರಾನ್ ಪ್ರತಿಕ್ರಿಯೆ ಸಪ್ಪೆಯಾಗುತ್ತದೆ. ಇದರ ಮೇಲೆ, ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಮನೆ, ಗಾಜು ಏರಿಸಿದ ಬಸ್ಸು, ಒದ್ದೆ ಮಕ್ಕಳಿಂದ ತುಂಬಿದ ತರಗತಿ. ಒಬ್ಬರು ಬಿಟ್ಟ ಉಸಿರು ಇನ್ನೊಬ್ಬರಿಗೆ. ಒಂದು ಕಿಟಕಿ ಅರ್ಧ ತೆಗೆದಿಟ್ಟರೂ ವ್ಯತ್ಯಾಸವಾಗುತ್ತದೆ.

## ಮನೆಮದ್ದು, ಮಾತ್ರೆ, ಆಸ್ಪತ್ರೆ

ಕಷಾಯ ಕುಡಿದ್ರೆ ಇಮ್ಯುನಿಟಿ ಹೆಚ್ತದಾ?

ಜೀರಿಗೆ, ಕೊತ್ತಂಬರಿ, ಕಾಳುಮೆಣಸು, ಶುಂಠಿ ಹಾಕಿದ ಕಷಾಯ ಮನುಷ್ಯನಲ್ಲಿ ಇಂಟರ್‌ಫೆರಾನ್ ಹೆಚ್ಚಿಸಿ ವೈರಸ್ ತಡೆಯುತ್ತದೆ ಎಂದು ಹೇಳಲು ಆಧಾರವಿಲ್ಲ. ಬಿಸಿ ದ್ರವ ಸ್ವಲ್ಪ ಹೊತ್ತು ಮೂಗಿನ ಲೋಳೆಯ ಹರಿವು ಚುರುಕು ಮಾಡುತ್ತದೆ, ಗಂಟಲಿಗೆ ಹಿತ, ನೀರೂ ಹೊಟ್ಟೆ ಸೇರುತ್ತದೆ. ಅಷ್ಟಕ್ಕೆ ಧಾರಾಳವಾಗಿ ಕುಡಿಯಿರಿ. ರಾತ್ರಿಯ ಕೆಮ್ಮಿಗೆ ಒಂದು ಚಮಚ ಜೇನು ಮಕ್ಕಳಲ್ಲೂ ಉಪಯೋಗವೆಂದು ಕಂಡಿದೆ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನು ನೆಕ್ಕಿಸಬೇಡಿ, ಬಾಟ್ಯುಲಿಸಂ ಅಪಾಯವಿದೆ.

ಇನ್ನು ಇಮ್ಯುನಿಟಿ ಹೆಚ್ಚಾದಷ್ಟೂ ಒಳ್ಳೆಯದು ಎಂಬ ನಂಬಿಕೆಯೇ ಸರಿಯಿಲ್ಲ. ಆಸ್ಪತ್ರೆ ಸೇರುವಂತೆ ಮಾಡುವುದು ಎಷ್ಟೋ ಸಲ ಮಿತಿಮೀರಿದ ಪ್ರತಿಕ್ರಿಯೆ.

ಮೂಗಿಗೆ ಉಪ್ಪುನೀರು ಹಾಕಿದ್ರೆ ಒಳ್ಳೇದಾ? ಹಬೆ?

ಉಪ್ಪುನೀರು ಕಟ್ಟಿದ ಲೋಳೆಯನ್ನು ಸಡಿಲಿಸುತ್ತದೆ. ಕುದಿಸಿ ಆರಿಸಿದ 250 ಮಿಲಿ ನೀರಿಗೆ ಸಮ ಅರ್ಧ ಟೀ ಚಮಚ ಉಪ್ಪು. ಹೆಚ್ಚಾದರೆ ಉರಿ, ಬರೀ ನೀರಾದರೂ ಉರಿ. ಬಾವಿ ಅಥವಾ ಅಬ್ಬಿ ನೀರನ್ನು ಕುದಿಸದೆ ಮೂಗಿಗೆ ಏರಿಸಲೇಬಾರದು, ಮಿದುಳಿಗೆ ಹೋಗುವ ಅಮೀಬಾ ಸಿಹಿನೀರಿನಲ್ಲಿ ಇರಬಹುದು. ಹಬೆಯಿಂದ ಮೂಗು ತುಸು ಬಿಟ್ಟಂತೆನಿಸುತ್ತದೆ, ವೈರಸ್ ಸಾಯುವುದಿಲ್ಲ. ಪಾತ್ರೆ ಮಗುಚಿ ಮಕ್ಕಳ ತೊಡೆ ಸುಡುವುದೇ ಇದರ ದೊಡ್ಡ ಅಪಾಯ.

ಬಚ್ಚಲ ಒಲೆ ಹೊಗೆಗೂ ಇದಕ್ಕೂ ಸಂಬಂಧ ಉಂಟಾ?

ಉಂಟು, ಕಷಾಯಕ್ಕಿಂತ ಇದರ ಬಗ್ಗೆ ಹೆಚ್ಚು ಯೋಚಿಸಬೇಕು. ಕಟ್ಟಿಗೆ ಹೊಗೆ ಸೀಲಿಯಾದ ಬೀಸು ಕುಗ್ಗಿಸುತ್ತದೆ, ಲೋಳೆ ಹೆಚ್ಚಿಸುತ್ತದೆ. ಮಸಿಯ ಅತಿ ಸಣ್ಣ ಕಣಗಳು ಶ್ವಾಸಕೋಶದ ಗಾಳಿಗೂಡಿನವರೆಗೂ ಇಳಿಯುತ್ತವೆ. ಅಲ್ಲಿ ಕಸ ನುಂಗುವ ಮ್ಯಾಕ್ರೊಫೇಜ್ ಕೋಶಗಳು ಮಸಿ ತುಂಬಿಕೊಂಡು, ರೋಗಾಣು ನುಂಗುವುದರಲ್ಲಿ ಹಿಂದೆ ಬೀಳುತ್ತವೆ. ಮಳೆಗಾಲದ ಹಸಿ ಕಟ್ಟಿಗೆ ಇನ್ನೂ ಹೆಚ್ಚು ಹೊಗೆಯುತ್ತದೆ. ಅಡಿಕೆ ಬೇಯಿಸುವ ದಿನಗಳಲ್ಲಂತೂ ಹಂಡೆಯ ಮುಂದೆ ಗಂಟೆಗಟ್ಟಲೆ ಕೂರುವವರು ಮನೆಯಲ್ಲಿ ಒಬ್ಬರು ಇದ್ದೇ ಇರುತ್ತಾರೆ. ಒಣಗಿದ ಕಟ್ಟಿಗೆ, ಮಾಡಿಗಿಂತ ಮೇಲಕ್ಕೆ ಹೋಗುವ ಹೊಗೆಕೊಳವೆ, ನೆಗಡಿ-ಕೆಮ್ಮು ಇದ್ದವರನ್ನು ಒಲೆಯಿಂದ ದೂರ ಇಡುವುದು, ಇವಿಷ್ಟು ಕೈಯಲ್ಲಿರುವ ಉಪಾಯ. ಬೀಡಿ-ಸಿಗರೇಟಿಗೂ ಇದೇ ಮಾತು.

ಒಂದು ಇಂಜೆಕ್ಷನ್ ಕೊಟ್ರೆ ಮರುದಿನವೇ ಆರಾಮ್ ಆಗ್ತದೆ. ಅದ್ರಲ್ಲಿ ಎಂತ ಇರ್ತದೆ?

ನೋವು ನಿವಾರಕ ಇರಬಹುದು, ಕೆಲವೊಮ್ಮೆ ಡೆಕ್ಸಮೆಥಾಸೋನ್‌ನಂಥ ಸ್ಟೀರಾಯ್ಡ್ ಇರಬಹುದು. ಕೇಳಿ ತಿಳಿಯುವುದು ನಿಮ್ಮ ಹಕ್ಕು. ಸ್ಟೀರಾಯ್ಡ್ ಉರಿಯೂತದ ಕವಲನ್ನೇ ತಡೆಯುವುದರಿಂದ ಮೈನೋವು, ಜ್ವರ ಮಾಯವಾಗಿ ಮರುದಿನ ತೋಟಕ್ಕೆ ಹೋಗುವಂತಾಗುತ್ತದೆ. ಆದರೆ ವೈರಸ್ ಭರದಿಂದ ಹೆಚ್ಚುತ್ತಿರುವ ಮೊದಲ ದಿನಗಳಲ್ಲಿ ಇದು ರಕ್ಷಣೆಯನ್ನೇ ಕುಗ್ಗಿಸಿದಂತೆ. ಸಕ್ಕರೆ ಕಾಯಿಲೆಯವರಿಗೆ ರಕ್ತದ ಸಕ್ಕರೆಯೂ ಏರುತ್ತದೆ. ಆಸ್ತಮಾದವರ ಇನ್‌ಹೇಲರ್ ಈ ಲೆಕ್ಕಕ್ಕೆ ಬರುವುದಿಲ್ಲ, ಅದನ್ನು ನಿಲ್ಲಿಸಬೇಡಿ.

ಫ್ಲೂಗೆ ಮಾತ್ರೆ ಇದೆಯಂತಲ್ಲ, ಮೂರ್ನಾಲ್ಕು ದಿನ ನೋಡಿ ತಗೊಂಡ್ರೆ ಆಗ್ದಾ?

ಒಸೆಲ್ಟಾಮಿವಿರ್ ಹೊಸ ವೈರಸ್ ಕೋಶದಿಂದ ಬಿಡಿಸಿಕೊಂಡು ಹೋಗುವುದನ್ನು ತಡೆಯುತ್ತದೆ. ವೈರಸ್ಸಿನ ಸಂಖ್ಯೆ ಲಕ್ಷಣ ಶುರುವಾದ ಒಂದೆರಡು ದಿನದಲ್ಲೇ ತುದಿ ಮುಟ್ಟುವುದರಿಂದ 48 ಗಂಟೆಯೊಳಗೆ ಶುರುಮಾಡಿದರೆ ಪ್ರಯೋಜನ ಹೆಚ್ಚು. ದೊಡ್ಡವರಿಗೆ 75 ಮಿಲಿಗ್ರಾಂ ದಿನಕ್ಕೆರಡು ಸಲ, ಐದು ದಿನ, ವೈದ್ಯರ ಚೀಟಿಯ ಮೇಲೆ. ಬಸುರಿಯರು, 65 ದಾಟಿದವರು, ಆಸ್ತಮಾ, ಸಕ್ಕರೆ, ಹೃದಯದ ತೊಂದರೆ ಇರುವವರು ಕಾದು ನೋಡಬಾರದು. ಆಸ್ಪತ್ರೆ ಸೇರುವಷ್ಟು ಜೋರಾದವರಿಗೆ ತಡವಾದರೂ ಕೊಡುತ್ತಾರೆ.

ಇದು ಬರೀ ಫ್ಲೂನೋ, ಮಂಗನ ಕಾಯಿಲೆಯೋ? ಹೇಗೆ ಗೊತ್ತಾಗ್ತದೆ?

ನಮ್ಮ ಜಿಲ್ಲೆಯಲ್ಲಿ ಕೇಳಲೇಬೇಕಾದ ಪ್ರಶ್ನೆ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಈ ವೈರಸ್ ಉಸಿರಿನಿಂದ ಬರುವುದಿಲ್ಲ, ಉಣ್ಣೆ (ಉಣುಗು) ಕಚ್ಚಿ ಬರುತ್ತದೆ. ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ. ಇದ್ದಕ್ಕಿದ್ದಂತೆ ಜೋರು ಜ್ವರ, ಹಣೆನೋವು, ತಡೆಯಲಾರದ ಮೈನೋವು, ವಾಂತಿ, ಕೆಂಗಣ್ಣು ಇದ್ದು, ಮೂಗು ಸೋರುವುದು, ಸೀನು ಇಲ್ಲದಿದ್ದರೆ, ಜೊತೆಗೆ ಹಿಂದಿನ ವಾರ ತರಗೆಲೆ ಗುಡಿಸಲೋ ಕಟ್ಟಿಗೆಗೋ ಕಾಡಿಗೆ ಹೋಗಿದ್ದರೆ, ಅಥವಾ ಹತ್ತಿರದಲ್ಲಿ ಮಂಗ ಸತ್ತಿದ್ದರೆ, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹೇಳಿ. ರಕ್ತದಲ್ಲಿ ಬಿಳಿಕಣ, ಪ್ಲೇಟ್‌ಲೆಟ್ ಇಳಿದಿರುತ್ತವೆ, ಪಿಸಿಆರ್‌ನಲ್ಲಿ ಖಚಿತವಾಗುತ್ತದೆ. ರಕ್ತಸ್ರಾವದ ಅಪಾಯ ಇರುವುದರಿಂದ ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಮುಟ್ಟಬೇಡಿ. ಗದ್ದೆ ನಾಟಿಯ ದಿನಗಳಲ್ಲಿ ಮೀನಖಂಡದ ನೋವಿನ ಜೊತೆ ಜ್ವರ ಬಂದರೆ ಇಲಿಜ್ವರವನ್ನೂ ಮರೆಯಬೇಡಿ.

ಮನೇಲಿ ಇಟ್ಕೊಳ್ಬಹುದಾ, ಶಿವಮೊಗ್ಗದ ದೊಡ್ಡಾಸ್ಪತ್ರೆ ಮೆಗ್ಗಾನ್‌ಗೆ ಕರ್ಕೊಂಡು ಹೋಗ್ಬೇಕಾ?

ಮಗು ಮಲಗಿದಾಗ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಎದೆ ಏರಿಳಿಯುವುದನ್ನು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಹೆಚ್ಚಿದ್ದರೆ ವೈದ್ಯರಿಗೆ ತೋರಿಸಿ. ಪಕ್ಕೆ ಒಳಕ್ಕೆ ಎಳೆಯುತ್ತಿದ್ದರೆ, ಹಾಲು ಬಿಟ್ಟರೆ, ತುಟಿ ನೀಲಿಯಾದರೆ ತಡ ಮಾಡುವಂತಿಲ್ಲ. ದೊಡ್ಡವರಲ್ಲಿ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ, ಮಾತು ಅರ್ಧಕ್ಕೇ ಏದುಸಿರಾದರೆ, ಮಂಕು ಕವಿದರೆ ಹೊರಡಿ. ಬೆರಳು ತಣ್ಣಗಿದ್ದರೆ ಆಕ್ಸಿಮೀಟರ್ ತಪ್ಪು ತೋರಿಸುತ್ತದೆ, ಕೈ ಉಜ್ಜಿ ಬೆಚ್ಚಗೆ ಮಾಡಿ ಮತ್ತೆ ನೋಡಿ. ಹೊಸನಗರ, ತೀರ್ಥಹಳ್ಳಿಯ ಒಳಹಳ್ಳಿಗಳವರು ಶಿವಮೊಗ್ಗದವರೆಗಿನ ದಾರಿಯ ಹೊತ್ತನ್ನೂ ಲೆಕ್ಕಕ್ಕೆ ಹಿಡಿದು, ಕತ್ತಲಾಗುವ ಮುಂಚೆ ತೀರ್ಮಾನ ಮಾಡಬೇಕು.

## ಇನ್ನೂ ಆಳಕ್ಕೆ

ಇಷ್ಟೆಲ್ಲ ಏರ್ಪಾಡಿದ್ರೂ ವೈರಸ್ ಗೆಲ್ಲೋದು ಹೇಗೆ?

ಮೊದಲ ದಿನ ಸದ್ದಾಗದಂತೆ ನೋಡಿಕೊಳ್ಳುವುದರಲ್ಲಿ ಅದರ ಜಾಣತನವಿದೆ. ಫ್ಲೂ ವೈರಸ್ಸಿನ ಎನ್‌ಎಸ್-1 ಪ್ರೋಟೀನ್ ರಿಗ್-ಐ ಚುರುಕಾಗದಂತೆ ತಡೆಯುತ್ತದೆ. ಕೊರೊನಾದ ಎನ್‌ಎಸ್‌ಪಿ-1 ಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮಿಗೆ ಅಡ್ಡ ಕೂತು ಇಂಟರ್‌ಫೆರಾನ್ ತಯಾರಾಗದಂತೆ ಮಾಡುತ್ತದೆ. ಇದರ ಇನ್ನೊಂದು ಕಡೆ, ಸೋಂಕಿನ ಕೋಶಗಳನ್ನು ಕೊಲ್ಲುವ ಎನ್‌ಕೆ ಕೋಶಗಳಿವೆ. ಟಿ ಕೋಶಗಳ ಕಣ್ಣು ತಪ್ಪಿಸಲು ಕೆಲವು ವೈರಸ್‌ಗಳು ಕೋಶದ ಮೇಲಿನ ಎಂಎಚ್‌ಸಿ-1 ಗುರುತನ್ನು ಇಳಿಸಿಬಿಡುತ್ತವೆ. ಆ ಗುರುತು ಕಾಣದ ಕೋಶವನ್ನೇ ಎನ್‌ಕೆ ಕೋಶ ಆರಿಸಿ, ಪರ್ಫೊರಿನ್‌ನಿಂದ ತೂತು ಮಾಡಿ, ಗ್ರಾಂಝೈಮ್ ಒಳಗೆ ಬಿಟ್ಟು ಕೊಲ್ಲುತ್ತದೆ.

ಒಂದೇ ವೈರಸ್, ಮಗನಿಗೆ ಬರೀ ನೆಗಡಿ, ಮಾವನಿಗೆ ಐಸಿಯು. ಎಂತಕ್ಕೆ ಹೀಗೆ?

ವಯಸ್ಸಾದಂತೆ ಇಂಟರ್‌ಫೆರಾನ್ ನಿಧಾನ, ಉರಿಯೂತ ಮೊದಲೇ ಸ್ವಲ್ಪ ಏರಿರುತ್ತದೆ. ಮಕ್ಕಳ ಮೂಗಿನ ಕೋಶಗಳಲ್ಲಿ ವೈರಸ್ ಗುರುತಿಸುವ ಪ್ರೋಟೀನುಗಳು ಮೊದಲೇ ಹೆಚ್ಚು ಸಜ್ಜಾಗಿರುವುದು ಕೊರೊನಾ ಕಾಲದಲ್ಲಿ ಕಂಡಿತು. 2020ರಲ್ಲಿ ಬೆರಗಿನ ಸಂಗತಿಯೊಂದು ಹೊರಬಂತು: ತೀವ್ರ ಕೋವಿಡ್ ನ್ಯುಮೋನಿಯಾ ಆದವರಲ್ಲಿ ಸುಮಾರು ಶೇ. 10 ಮಂದಿಯ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳಿದ್ದವು. ಅವರಲ್ಲಿ ಹೆಚ್ಚಿನವರು ಗಂಡಸರು. ಮಕ್ಕಳಿಗೆ ಬೇರೆ ಕಷ್ಟವಿದೆ. ಆರ್‌ಎಸ್‌ವಿ ಎಂಬ ಉಸಿರಾಟದ ವೈರಸ್ ಬಂದಾಗ ಎಳೆಗೂಸಿನ ಸಪೂರ ಶ್ವಾಸನಾಳ ತುಸು ಊದಿದರೂ ಗಾಳಿಗೆ ಜಾಗವಿರುವುದಿಲ್ಲ.

ಸ್ಟೀರಾಯ್ಡ್ ಕೆಟ್ಟದ್ದು ಅಂತೀರಿ, ಕೋವಿಡ್‌ನಲ್ಲಿ ಅದೇ ಜೀವ ಉಳಿಸ್ತಲ್ಲ?

ಎರಡೂ ನಿಜ. 2020ರ ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಮೆಥಾಸೋನ್, ಹೆಚ್ಚೆಂದರೆ ಹತ್ತು ದಿನ ಕೊಟ್ಟರು. ವೆಂಟಿಲೇಟರಿನಲ್ಲಿದ್ದವರ ಸಾವು ಮೂರನೇ ಒಂದರಷ್ಟು, ಆಮ್ಲಜನಕದಲ್ಲಿದ್ದವರದು ಐದನೇ ಒಂದರಷ್ಟು ತಗ್ಗಿತು. ಆಮ್ಲಜನಕ ಬೇಕಿಲ್ಲದವರಿಗೆ ಲಾಭವೇ ಇರಲಿಲ್ಲ. ಆಮ್ಲಜನಕ ಬೇಕಾಗುವ ಹೊತ್ತಿಗೆ ಕಾಯಿಲೆ ಜೋರಾಗಿರುವುದು ಮುಖ್ಯವಾಗಿ ಉರಿಯೂತದಿಂದ. ಗಾಳಿಗೂಡಿನ ಗೋಡೆ ಸೋರಿ, ಒಳಗೆ ದ್ರವ ತುಂಬಿ, ಆಮ್ಲಜನಕ ರಕ್ತಕ್ಕೆ ದಾಟುತ್ತಿರುವುದಿಲ್ಲ. ಅಲ್ಲಿ ಪ್ರತಿಕ್ರಿಯೆ ತಗ್ಗಿಸಿದರೆ ಜೀವ ಉಳಿಯುತ್ತದೆ, ಎರಡನೇ ದಿನದ ಜ್ವರಕ್ಕೆ ಅದೇ ಔಷಧಿ ಕೊಟ್ಟರೆ ಇಲ್ಲ.

ಹಾಗಾದ್ರೆ ಇಂಟರ್‌ಫೆರಾನನ್ನೇ ಮೂಗಿಗೆ ಹೊಡ್ಕೊಂಡ್ರೆ ಆಯ್ತಲ್ಲ?

1980ರ ದಶಕದಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಸೋಂಕಿಗೆ ಮೊದಲೇ ಸಿಂಪಡಿಸಿದರೆ ರೈನೊವೈರಸ್ ನೆಗಡಿ ಕಡಿಮೆಯಾಯಿತು. ಆದರೆ ವಾರಗಟ್ಟಲೆ ಬಳಸಿದವರ ಮೂಗು ಒಣಗಿ ರಕ್ತ ಒಸರತೊಡಗಿತು. ನೆಗಡಿಗಿಂತ ಮದ್ದೇ ಹೆಚ್ಚಾಯಿತೆಂದು ಕೈಬಿಟ್ಟರು.

ಫ್ಲೂ ವಾಸಿಯಾಗ್ತಾ ಇತ್ತು, ಆಮೇಲೆ ನ್ಯುಮೋನಿಯಾ ಆಯ್ತು. ಇದು ಹೇಗೆ?

ಶ್ವಾಸನಾಳದ ಕಿತ್ತುಹೋದ ಒಳಪದರಕ್ಕೆ ಬ್ಯಾಕ್ಟೀರಿಯಾ ಸುಲಭವಾಗಿ ಅಂಟುತ್ತದೆ. ಅದರ ಮೇಲೆ, ವೈರಸ್ಸಿಗೆಂದು ಏರಿದ ಇಂಟರ್‌ಫೆರಾನ್ ಬ್ಯಾಕ್ಟೀರಿಯಾ ನುಂಗುವ ಕೋಶಗಳ ಚುರುಕು ತಗ್ಗಿಸುತ್ತದೆ. 1918ರ ಮಹಾಫ್ಲೂವಿನಲ್ಲಿ ಸತ್ತವರಲ್ಲಿ ಬಹುಪಾಲು ಮಂದಿಗೆ ಬ್ಯಾಕ್ಟೀರಿಯಾ ನ್ಯುಮೋನಿಯಾ ಸೇರಿಕೊಂಡಿತ್ತು. ಐದಾರನೇ ದಿನ ಇಳಿದ ಜ್ವರ ಮತ್ತೆ ಏರಿ, ಉಸಿರೆಳೆದಾಗ ಎದೆ ಚುಚ್ಚಿದರೆ, ತುಕ್ಕಿನ ಬಣ್ಣದ ಕಫ ಬಂದರೆ ಅದೇ ದಿನ ಎಕ್ಸ್‌ರೇ ಮಾಡಿಸಿ. ಇಲ್ಲಿ ಆಂಟಿಬಯೋಟಿಕ್ ನಿಜಕ್ಕೂ ಬೇಕು.

ಲಸಿಕೆ ಕಲಿತು ಬರುವ ಬಗೆಗೆ ಸೇರಿದ್ದು, ಅದಕ್ಕೂ ಜನ್ಮಜಾತಕ್ಕೂ ಎಂತ ಸಂಬಂಧ?

ಜನ್ಮಜಾತ ವ್ಯವಸ್ಥೆ ಕೊಡುವ ಎಚ್ಚರಿಕೆ ಇಲ್ಲದೆ ಟಿ, ಬಿ ಕೋಶಗಳಿಗೆ ಪಾಠ ಹತ್ತುವುದಿಲ್ಲ. ಲಸಿಕೆ ಹಾಕಿದ ತೋಳು ನೋಯುವುದು, ಸಂಜೆ ಮೈ ಬೆಚ್ಚಗಾಗುವುದು ಆ ಎಚ್ಚರಿಕೆಯಿಂದ. ಎಚ್ಚರಿಕೆ ಅತಿಯಾದರೂ ಕೆಡುಕು. ಎಂಆರ್‌ಎನ್‌ಎ (ಸಂದೇಶವಾಹಕ ಆರ್‌ಎನ್‌ಎ) ಬಳಸುವ ಲಸಿಕೆಗೆ ಬಹಳ ಕಾಲ ಇದೇ ಅಡ್ಡಿಯಾಗಿತ್ತು. ಕೋಶ ಆ ಆರ್‌ಎನ್‌ಎಯನ್ನು ವೈರಸ್ಸೆಂದು ತಿಳಿದು ಪ್ರೋಟೀನ್ ತಯಾರಿಕೆ ನಿಲ್ಲಿಸುತ್ತಿತ್ತು. ಕಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ಅದರ ಯುರಿಡಿನ್ ಭಾಗವನ್ನು ಸ್ವಲ್ಪ ಬದಲಿಸಿ ಟೋಲ್-ಲೈಕ್ ರಿಸೆಪ್ಟರ್‌ಗಳಿಂದ ತಪ್ಪಿಸಬಹುದೆಂದು 2005ರಲ್ಲಿ ತೋರಿಸಿದರು, 2023ರಲ್ಲಿ ನೊಬೆಲ್ ಪಡೆದರು. ಫ್ಲೂ ಲಸಿಕೆಯ ರಕ್ಷಣೆ ಕುದುರಲು ಸುಮಾರು ಎರಡು ವಾರ ಬೇಕು. ಮಲೆನಾಡಿನಲ್ಲಿ ಮಳೆಗೆ ಮುಂಚೆ, ಏಪ್ರಿಲ್-ಮೇ ತಿಂಗಳಲ್ಲಿ ಹಾಕಿಸಿಕೊಳ್ಳುವುದು ಸರಿ. ವೈರಸ್ ರೂಪ ಬದಲಿಸುತ್ತಿರುವುದರಿಂದ ಪ್ರತಿವರ್ಷ ಹೊಸದಾಗಿ ಹಾಕಿಸಬೇಕು.